ಒಂದು ರೌಂಡ್ ಕೊಡಲಿಲ್ಲ

ಸುಮ್ಮನಿರೋಣ ಎಂದುಕೊಂಡಿದ್ದೆ. ಆದರೆ ಬೆಳಿಗ್ಗೆಯಿಂದ ಅವೇ ಫೋಟೊಗಳು ಕಣ್ಣಿಗೆ ಬೀಳುತ್ತಿವೆ.

ಅನಾಥ ಮಕ್ಕಳಿಗೆ ಹಣ ಕೂಡಿಸಲು ಬೆಂಗಳೂರಿನಿಂದ ಮೈಸೂರಿಗೆ ಸೈಕಲ್ ತುಳಿಯುವ ತಂಡವೊಂದು ನಿನ್ನೆ ಮಂಡ್ಯದ ಬಳಿ ಮಕ್ಕಳ ಮನೆಯೊಂದರಲ್ಲಿ ಇಳಿದಿತ್ತು. ನಾನೂ ಅಲ್ಲಿದ್ದೆ. (ಅಂಥ ಮನೆಗಳಿಗೆ ನಾನೇಕೆ ಹೋಗುತ್ತೇನೆ ಎಂಬುದನ್ನು ಕೊನೆಗೆ ಹೇಳುತ್ತೇನೆ.) ಒಂಬತ್ತು ಗಂಟೆಗೇ ಮಕ್ಕಳ ಕೈಗೊಂದು ಗುಲಾಬಿ ಕೊಟ್ಟು ಗೇಟಿನ ಬಳಿ ಸಾಲಾಗಿ ನಿಲ್ಲಿಸಿದ್ದರು. ಸವಾರರು ಬಂದದ್ದು ಹನ್ನೊಂದೂವರೆಗೆ. ಅವರನ್ನು ಬೈಯುವಂತಿಲ್ಲ ಬಿಡಿ. 2023ರ ಆಗಸ್ಟ್‌ನಿಂದ ಎಕ್ಸ್‌ಪ್ರೆಸ್‌ವೇ ಮೇಲೆ ಸೈಕಲ್ಲಿಗೆ ಪ್ರವೇಶವಿಲ್ಲ. ಸರ್ವಿಸ್ ರಸ್ತೆಯ ಧೂಳು ಕುಡಿದುಕೊಂಡೇ ಬರಬೇಕು. ಅಷ್ಟರಲ್ಲಿ ಗುಲಾಬಿಗಳು ಬಾಡಿದ್ದವು.

ಸೈಕಲ್ಲುಗಳನ್ನು ಗೋಡೆಗೆ ಒರಗಿಸಿದ್ದೇ ತಡ, ಮಕ್ಕಳು ಅವುಗಳ ತಪಾಸಣೆಗೆ ಇಳಿದರು. ಬೆಲ್ ಇಲ್ಲ, ಕ್ಯಾರಿಯರ್ ಇಲ್ಲ, ಸ್ಟ್ಯಾಂಡೂ ಇಲ್ಲ. ಮೂರನೇ ತರಗತಿಯ ಹುಡುಗನೊಬ್ಬ ನನ್ನ ಅಂಗಿ ಜಗ್ಗಿ ಕೇಳಿದ: “ಅಣ್ಣ, ಪಾಪ, ಇವರ ಹತ್ತಿರ ಸ್ಟ್ಯಾಂಡ್ ಹಾಕಿಸುವುದಕ್ಕೂ ದುಡ್ಡಿಲ್ಲವಾ?” ಕೆಲವಕ್ಕೆ ಲಕ್ಷದ ಮೇಲಾಗುತ್ತದೆ ಎಂದೆ. ಅವನು ನಂಬಲಿಲ್ಲ. “ಹಾಗಾದರೆ ಬಸ್ಸಿನಲ್ಲಿ ಬಂದು ಕೊಟ್ಟು ಹೋಗಬಹುದಿತ್ತಲ್ಲ?” ಉತ್ತರ ಹುಡುಕುತ್ತಿದ್ದೆ; ಅವನಾಗಲೇ ಮುಖ್ಯ ವಿಷಯಕ್ಕೆ ಬಂದಿದ್ದ. “ಒಂದು ರೌಂಡ್ ಕೊಡುತ್ತಾರಾ?”

ಕೊಡಲಿಲ್ಲ. ಹೆಲ್ಮೆಟ್ ತೊಡಿಸಿದರು, ಹೆಬ್ಬೆರಳು ಎತ್ತಿಸಿದರು, ಫೋಟೊ ತೆಗೆದರು, ಹೆಲ್ಮೆಟ್ ವಾಪಸ್ ತೆಗೆದುಕೊಂಡರು.

ಈಗ ಆ ಹುಡುಗನ ಮುಖ ಊರೆಲ್ಲ ನೋಡುತ್ತಿದೆ. 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಂ ಇಂಥ ಮಕ್ಕಳ ಚಿತ್ರ, ಗುರುತು ಪ್ರಕಟಿಸಬಾರದು ಎನ್ನುತ್ತದೆ. ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡು ಲಕ್ಷದವರೆಗೆ ದಂಡ, ಅಥವಾ ಎರಡೂ. ಟೈರಿನ ಗಾಳಿಯನ್ನು ಅಷ್ಟು ಕರಾರುವಾಕ್ಕಾಗಿ ಅಳೆಯುವವರಿಗೆ ಇದನ್ನು ಓದಲು ಮಾತ್ರ ಪುರುಸೊತ್ತಿಲ್ಲ.

“ಅವರು ಹಣವನ್ನಾದರೂ ತರುತ್ತಾರೆ, ನೀನೇನು ತಂದೆ?” ಎಂದು ಯಾರಾದರೂ ಬರೆಯುತ್ತೀರಿ. ತರುತ್ತಾರೆ, ಒಪ್ಪಿದೆ. ಆದರೆ ಆ ಹುಡುಗನಿಗೆ ಅಮ್ಮ ಇದ್ದಾಳೆ, ಸಾಕುವ ಶಕ್ತಿ ಇಲ್ಲ ಅಷ್ಟೇ. ಅಂಥ ಮಗು ಮನೆಯಲ್ಲೇ ಬೆಳೆಯಲಿ ಎಂದು ಕೇಂದ್ರ ಸರ್ಕಾರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದಡಿ ತಿಂಗಳಿಗೆ 4,000 ರೂಪಾಯಿ ನೆರವು ಇದೆ. ಆ ಅರ್ಜಿ ಹಿಡಿದು ಕಚೇರಿ ಅಲೆಯುವುದಕ್ಕೆ ಯಾರೂ ಜೆರ್ಸಿ ಹೊಲಿಸುವುದಿಲ್ಲ. ಅಲ್ಲಿ ಫೋಟೊ ಚೆನ್ನಾಗಿ ಬರುವುದಿಲ್ಲ ನೋಡಿ.

ಐದನೇ ತರಗತಿಯಲ್ಲಿದ್ದಾಗ ನಾನೂ ಪತ್ರಿಕೆಯಲ್ಲಿ ಬಂದಿದ್ದೆ, ಖಾಲಿ ತಟ್ಟೆ ಹಿಡಿದು, ದಾನಿಗಳ ಪಕ್ಕ ನಗುತ್ತಾ. ಹೈಸ್ಕೂಲು ಮುಗಿಯುವವರೆಗೂ ಶಾಲೆಯಲ್ಲಿ ನನ್ನ ಹೆಸರು ‘ತಟ್ಟೆ’. ಇದನ್ನು ಇಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ.

ಮುಂದಿನ ತಿಂಗಳು ಇನ್ನೊಂದು ತಂಡ ಬರುತ್ತದಂತೆ. ವಾರ್ಡನ್‌ಗೆ ಹೇಳಿ ಬಂದಿದ್ದೇನೆ: ಮೊಬೈಲುಗಳು ಕಚೇರಿಯಲ್ಲಿರಲಿ, ಸೈಕಲ್ಲುಗಳು ಅಂಗಳದಲ್ಲಿ. ಸೀಟು ತಗ್ಗಿಸುವ ಅಲೆನ್ ಕೀ ಅವರ ಬಳಿಯೇ ಇರುತ್ತದೆ. ಲಕ್ಷದ ಸೈಕಲ್ಲಿಗೆ ಗೀರು ಬಿದ್ದರೆ? ಬೀಳಲಿ.