ಆಗಸ್ಟ್ 5, ರಾಯಾ ಊರಿನ ಇಗರ್ಜಿ

ಮಡಗಾಂವ್‌ಗೆ ಬಂದು ನೆಲೆಸಿ ಹನ್ನೊಂದು ವರ್ಷವಾಯಿತು. ಊರಿಂದ ಯಾರೇ ಬರಲಿ, ಮೊದಲು ಕೇಳುವುದು ಬೀಚ್ ಎಷ್ಟು ದೂರ ಅಂತ. ಮರುದಿನ ಓಲ್ಡ್ ಗೋವಾ. ಅಲ್ಲಿನ ದೊಡ್ಡ ಚರ್ಚುಗಳ ಮುಂದೆ ಫೋಟೊ ತೆಗೆಸಿಕೊಂಡು, ಗೋವಾ ನೋಡಿ ಮುಗೀತು ಅಂತ ಗಾಡಿ ಹತ್ತುತ್ತಾರೆ. ನನಗೆ ಇದು ನಿಜವಾಗಿಯೂ ಬೇಜಾರು. ಹಳ್ಳಿಯ ಇಗರ್ಜಿ ನೋಡದೆ ಗೋವಾ ನೋಡಿದ ಹಾಗಾಗುವುದಿಲ್ಲ. ಅದನ್ನೂ ಗದ್ದೆಯ ಜೊತೆಗೇ ನೋಡಬೇಕು. ಕೊಂಕಣಿಯಲ್ಲಿ ಚರ್ಚಿಗೆ ಇಗರ್ಜಿ ಎನ್ನುತ್ತಾರೆ. ಈಗ ನನ್ನ ಬಾಯಿಗೂ ಅದೇ ಬರುತ್ತದೆ.

ಹೋದ ವರ್ಷ ಆಗಸ್ಟಿನಲ್ಲಿ ಅವ್ವ ಬಂದಿದ್ದಳು. ನಮ್ಮದು ಖಾನಾಪುರ ತಾಲ್ಲೂಕು, ಹಲಸಿಯ ಹತ್ತಿರದ ಹಳ್ಳಿ. ಭತ್ತದ ಊರು. ಅವಳನ್ನು ರಾಯಾಕ್ಕೆ ಕರೆದುಕೊಂಡು ಹೋದೆ. ಮಡಗಾಂವ್‌ನಿಂದ ಬೋರಿ ಸೇತುವೆಯ ಕಡೆ ಹೋಗುವಾಗ ಸಿಗುವ ಊರು ಅದು. ಅಲ್ಲಿ ಆಗಸ್ಟ್ 5ರಂದು ಕೊಣಸಾಂಚೆಂ ಫೆಸ್ತ್, ಅಂದರೆ ತೆನೆ ಹಬ್ಬ. ಬೇರೆ ಊರುಗಳಲ್ಲಿ ಆಮೇಲೆ ಬರುತ್ತದೆ, ಇಡೀ ಗೋವಾಕ್ಕೆ ರಾಯಾವೇ ಮೊದಲು.

ಆ ಇಗರ್ಜಿ ಹಿಮದ ಮಾತೆಯದು. ರೋಮ್ ನಗರದ ಒಂದು ಗುಡ್ಡದ ಮೇಲೆ ಬೇಸಿಗೆಯ ನಡುವೆ, ಆಗಸ್ಟ್ 5ರಂದು, ಹಿಮ ಬಿದ್ದಿತ್ತಂತೆ. ಅದೇ ಜಾಗದಲ್ಲಿ ಮರಿಯಮ್ಮನಿಗೆ ಗುಡಿ ಕಟ್ಟಿದರು ಎಂಬುದು ಕಥೆ. ಆ ಹಿಮದ ತಾಯಿ ಸಮುದ್ರ ದಾಟಿ ಬಂದು, ಧೋ ಎಂದು ಮಳೆ ಸುರಿಯುವ ಈ ಊರಲ್ಲಿ ಭತ್ತದ ತಾಯಿಯಾಗಿದ್ದಾಳೆ. ನನಗೆ ಅದು ಬಹಳ ಇಷ್ಟ.

ಒಳಗೆ ಬಲಿಪೂಜೆ, ಅಂದರೆ ಮಾಸ್, ನಡೆದಿತ್ತು. ಅವ್ವನಿಗೆ ಮರಾಠಿ ಬರುತ್ತದೆ, ಹಾಗಾಗಿ ಕೊಂಕಣಿ ಅರ್ಧ ತಿಳಿಯುತ್ತದೆ. ಹಿಂದಿನ ಬೆಂಚಿನಲ್ಲಿ ಸೆರಗು ಹೊದ್ದು ಕೂತಿದ್ದಳು. ಜನ ಎದ್ದು ಸಾಲಾಗಿ ಮುಂದೆ ಹೋಗತೊಡಗಿದಾಗ ಅವಳೂ ಎದ್ದಳು. “ಪ್ರಸಾದ ಕೊಡಾಕತ್ತಾರ, ಬಾ.” ಪಕ್ಕದಲ್ಲಿದ್ದ ಅಜ್ಜಿಯೊಬ್ಬರು ಅವಳ ಕೈ ಹಿಡಿದು ಮೆಲ್ಲಗೆ ಕೂರಿಸಿದರು. ಅದು ದೀಕ್ಷಾಸ್ನಾನ ಪಡೆದ ಕಥೋಲಿಕರು ಮಾತ್ರ ತೆಗೆದುಕೊಳ್ಳುವ ಪರಮಪ್ರಸಾದ. ನಮ್ಮ ಗುಡಿಯ ಪ್ರಸಾದದಂತೆ ಬಂದವರಿಗೆಲ್ಲ ಕೊಡುವುದಲ್ಲ. ಇದನ್ನು ನಾನು ಮೊದಲೇ ಅವ್ವನಿಗೆ ಹೇಳಬೇಕಿತ್ತು. ಅಜ್ಜಿ ಮಾತ್ರ ಅವ್ವನ ಕೈ ಬಿಡಲೇ ಇಲ್ಲ. ಪೂಜೆ ಮುಗಿಯುವ ತನಕ ಇಬ್ಬರೂ ಕೈ ಹಿಡಿದುಕೊಂಡೇ ಕೂತಿದ್ದರು.

ಆಮೇಲೆ ಮೆರವಣಿಗೆ ಗದ್ದೆಗೆ ಹೊರಟಿತು. ಮಳೆ, ಕೊಡೆಗಳು, ಕೆಸರು. ಪಾದ್ರಿಗಳು ಗದ್ದೆಗೆ ಆಶೀರ್ವಾದ ಮಾಡಿ, ಕುಡುಗೋಲು ಹಿಡಿದು ಮೊದಲ ತೆನೆ ಕೊಯ್ದರು. ಅದು ಎಲ್ಲರಿಗೂ. ಯಾರು ಏನು ಅಂತ ಕೇಳುವವರಿಲ್ಲ. ಅಜ್ಜಿ ತಾವೇ ನುಗ್ಗಿ ಎರಡು ತೆನೆ ತಂದು ಅವ್ವನ ಕೈಗಿಟ್ಟರು. ಅವ್ವ ಕಣ್ಣಿಗೊತ್ತಿಕೊಂಡು ಸೆರಗಿನ ತುದಿಗೆ ಗಂಟು ಹಾಕಿದಳು. “ನಾವು ಹೊಲದಾಗ ಚರಗ ಚೆಲ್ಲೂದಿಲ್ಲೇನು, ಇದೂ ಹಂಗ” ಅಂದಳು. ಚರಗ ಅಂದರೆ ಪೈರಿಗೆ ಎಡೆ ಚೆಲ್ಲಿ ಪೂಜಿಸುವುದು. ನನಗೆ ಗಂಟಲು ಕಟ್ಟಿತು.

ಈ ಕಡೆ ಗದ್ದೆ ಮತ್ತು ಇಗರ್ಜಿ ಎರಡೂ ಊರಿನವೇ. ಗೋವಾದ ಹಳ್ಳಿಗಳಲ್ಲಿ ಜಮೀನು ಗಾಂವ್ಕಾರರ, ಅಂದರೆ ಊರಿನ ಮೂಲ ಮನೆತನಗಳವರ, ಕೂಟದ ಕೈಯಲ್ಲಿ ಒಟ್ಟಿಗೆ ಇರುತ್ತಿತ್ತು. ಪೋರ್ಚುಗೀಸರು ಬಂದ ಮೇಲೆ 1526ರಲ್ಲಿ ಆ ಪದ್ಧತಿಯನ್ನು ಬರೆದಿಟ್ಟರು, ಮುಂದೆ ಅದಕ್ಕೆ ಕೊಮುನಿದಾದ್ ಅಂತ ಹೆಸರಾಯಿತು. ಆದರೆ ಪದ್ಧತಿ ಅವರಿಗಿಂತ ಹಳೆಯದು. ಈಗ ಎಷ್ಟೋ ಗದ್ದೆ ಬೀಳು ಬಿದ್ದಿವೆ, ಕೆಲವಕ್ಕೆ ಮಣ್ಣು ತುಂಬಿದ್ದಾರೆ. ಗದ್ದೆಯೇ ಹೋದರೆ ತೆನೆ ಎಲ್ಲಿಂದ ತರುತ್ತಾರೆ?

ರಾಯಾದಿಂದ ಕುಡ್ತರಿ ದೂರವಿಲ್ಲ. ಸಾಸಷ್ಟಿ ತಾಲ್ಲೂಕಿನ ಕಣಜ ಅಂತ ಹೆಸರಾದ ಊರು. 1597ರ ಸಂತ ಅಲೆಕ್ಸರ ಇಗರ್ಜಿ ಅಲ್ಲಿದೆ. ಬೆಳ್ಳಗಿನ ಗೋಡೆ, ಎದುರಿಗೇ ಕೆರೆ. ಕೆರೆ ನೀರಿನಿಂದ ಎರಡನೇ ಬೆಳೆ ತೆಗೆಯುತ್ತಾರೆ, ಅದಕ್ಕೆ ವಾಯಂಗಣ ಎಂದು ಹೆಸರು. ಚಳಿಗಾಲದಲ್ಲಿ ಹೋದರೆ ಹಕ್ಕಿಗಳೂ ಸಿಗುತ್ತವೆ.

ಕೊನೆಗೆ ಚಾಂದೋರ್. ಕನ್ನಡಿಗರು ಇಲ್ಲಿಗೆ ಬರಲೇಬೇಕು. ಇದು ಹಳೆಯ ಚಂದ್ರಪುರ, ಗೋವಾ ಕದಂಬರ ರಾಜಧಾನಿ. ಹನ್ನೊಂದನೇ ಶತಮಾನದಲ್ಲಿ ಒಂದನೇ ಜಯಕೇಶಿ ಗೋಪಕಪಟ್ಟಣಕ್ಕೆ ಹೋಗುವ ತನಕ ಇಲ್ಲಿಂದಲೇ ಆಳಿದರು. ಗೋವಾದ ಸರ್ಕಾರಿ ಬಸ್ಸಿನ ಮೇಲೆ ಕದಂಬ ಅಂತ ಹೆಸರಿರುವುದು ಇವರಿಂದಲೇ. ನಮ್ಮ ಹಲಸಿ ಇವರ ಇನ್ನೊಂದು ರಾಜಧಾನಿ. ಅದನ್ನು ಹೇಳಿದಾಗ ಅವ್ವ ಸುತ್ತ ಒಮ್ಮೆ ನೋಡಿ, “ಹಂಗಾರ ನಮ್ಮೂರೇ ಆತಲ್ಲ” ಅಂದಳು.

ಇಗರ್ಜಿಯಿಂದ ಸ್ವಲ್ಪ ಆಚೆ ಕೋಟ ಎಂಬ ಕೇರಿಯಲ್ಲಿ ತಲೆಯಿಲ್ಲದ ಕಲ್ಲಿನ ನಂದಿಯಿದೆ. 1929ರಲ್ಲಿ ಅಲ್ಲಿ ಅಗೆದು ಹಳೆಯ ಗುಡಿಯ ಪಾಯ ಹುಡುಕಿದವರು ಹೆನ್ರಿ ಹೆರಾಸ್. ಅವರು ಜೆಸ್ವಿಟ್ ಪಾದ್ರಿ! ಅದೇ ಕೋಟದಲ್ಲಿ ಕಾರ್ನಿವಲ್‌ನ ಎರಡನೇ ದಿನ ಕ್ರೈಸ್ತ ಗಂಡಸರು ಮುಸಳ್ ಖೇಳ್ ಆಡುತ್ತಾರೆ. ಮುಸಳ್ ಅಂದರೆ ನಮ್ಮ ಒನಕೆ, ಅದನ್ನು ಹಿಡಿದು ಹಾಡುತ್ತಾ ಕುಣಿಯುವ ಆಟ. ಹಾಡಿನಲ್ಲಿ ವಿಜಯನಗರದ ಹರಿಹರನ ಹೆಸರು ಬರುತ್ತದೆ ಎನ್ನುತ್ತಾರೆ.

ಇನ್ನೊಂದು ಮಾತು ಹೇಳಲೇಬೇಕು. ಒಂದು ಭಾನುವಾರ ಬೇರೊಂದು ಊರಿನ ಇಗರ್ಜಿಯಲ್ಲಿ, ಪೂಜೆ ನಡೆಯುತ್ತಿರುವಾಗಲೇ, ನಾಲ್ಕು ಜನ ಹುಡುಗರು ಪೀಠಕ್ಕೆ ಬೆನ್ನು ಹಾಕಿ ಸೆಲ್ಫಿ ತೆಗೆದುಕೊಂಡರು. ಮಾತಾಡುತ್ತಿದ್ದದ್ದು ಕನ್ನಡ. ನನಗೆ ತಲೆ ಎತ್ತಲಾಗಲಿಲ್ಲ. ನಮ್ಮ ಗುಡಿಯಲ್ಲಿ ಮಂಗಳಾರತಿ ಹೊತ್ತಿಗೆ ಯಾರಾದರೂ ಹೀಗೆ ಮಾಡಿದರೆ ಸುಮ್ನೆ ಇರ್ತೀವಾ? ಹಳ್ಳಿ ಇಗರ್ಜಿ ದಿನವಿಡೀ ತೆರೆದಿರುವುದು ಕಡಿಮೆ. ಬೆಳಿಗ್ಗೆ ಅಥವಾ ಸಂಜೆಯ ಪೂಜೆ ಹೊತ್ತಿಗೆ ಹೋಗಿ. ಭುಜ, ಮೊಣಕಾಲು ಮುಚ್ಚುವ ಬಟ್ಟೆ ಇರಲಿ. ಮೊಬೈಲ್ ಜೇಬಿನಲ್ಲಿಟ್ಟು ಹಿಂದೆ ಕೂತುಕೊಳ್ಳಿ. ಪೂಜೆ ಮುಗಿದ ಮೇಲೆ ಹೊರಗೆ ನಿಂತರೆ ಅವರೇ ಬಂದು ಮಾತಾಡಿಸುತ್ತಾರೆ.

ಆ ಎರಡು ತೆನೆ ಈಗ ಊರಿನ ಮನೆಯಲ್ಲಿ, ದೇವರ ಜಗಲಿಯ ಮೇಲೆ, ಬಸವಣ್ಣನ ಫೋಟೊದ ಪಕ್ಕದಲ್ಲಿವೆ. ಮೊನ್ನೆ ಅವ್ವ ಫೋನ್ ಮಾಡಿದ್ದಳು. ಈ ಸಲ ನಮ್ಮ ಗದ್ದೆಯ ಅಕ್ಕಿ ಎರಡು ಕಿಲೋ ಕಟ್ಟಿಟ್ಟಿದ್ದಾಳಂತೆ, ಆ ಅಜ್ಜಿಗೆ ಕೊಡಲು. ಅವರ ಹೆಸರನ್ನು ನಾವಿಬ್ಬರೂ ಕೇಳಿರಲಿಲ್ಲ. “ಅದೇ ಬೆಂಚಿನ್ಯಾಗ ಕುಂತಿರ್ತಾರ, ನೋಡೂಣು” ಅಂದಳು.