ಒಂದು ಹಳೆ ಪ್ಲೇನರ್, ಎರಡು ಕಡೆಯ ಮದ್ದು

ಕಳೆದ ವರ್ಷ ಒಂದು ಹಳೆಯ ಪ್ಲೇನರ್ ಮನೆಗೆ ತಂದೆ. ಹಲಗೆಯ ಮೈಯನ್ನೂ ಅಂಚನ್ನೂ ಸಪಾಟು ಮಾಡುವ ಮಷಿನ್. ಊರು ಬಿಟ್ಟು ನಾನು ಈಗ ಇರುವುದು ಹೊರದೇಶದಲ್ಲಿ, ಇಲ್ಲಿಯವರು ಇದನ್ನು ಜಾಯಿಂಟರ್ ಅನ್ನುತ್ತಾರೆ. ಬೀಡಿನ, ಅಂದರೆ ಎರಕದ ಕಬ್ಬಿಣದ, ಎರಡು ಮೇಜುಗಳೂ ತುಕ್ಕು ಹಿಡಿದು ಇಟ್ಟಿಗೆ ಬಣ್ಣಕ್ಕೆ ತಿರುಗಿದ್ದವು. ಮೇಜನ್ನು ಏರಿಸಿ ಇಳಿಸುವ ಚಕ್ರ ಅಲುಗುತ್ತಿರಲಿಲ್ಲ. ಬ್ಲೇಡ್ ಕೂರುವ ಕಟರ್ ಬ್ಲಾಕ್ ಮಾತ್ರ ಕೈಯಲ್ಲಿ ತಿರುಗಿಸಿದರೆ ಗರಗರ ಅನ್ನುತ್ತಾ ತಿರುಗುತ್ತಿತ್ತು. ಅಷ್ಟು ಸಾಕು ಅನಿಸಿತು.

ಸುದ್ದಿ ಹೇಳಿದ ಮೇಲೆ ಎರಡು ಕಡೆಯಿಂದಲೂ ಸಲಹೆ ಬಂತು. ಮರಗೆಲಸ ಮಾಡುವ ಊರಿನ ಗೆಳೆಯ ಫೋನಿನಲ್ಲೇ ತೀರ್ಪು ಕೊಟ್ಟ: "ಸೀಮೆಎಣ್ಣೆ ಹಾಕಿ ಒರೆಸೋ, ಬೇರಿಂಗ್ ಬದಲಾಯಿಸು, ಬ್ಲೇಡ್ ಸಾಣೆ ಹಿಡಿಸು. ಆಮೇಲೆ ಕೆಲಸ ಶುರು ಮಾಡು, ಇನ್ನೇನು?" ಇಲ್ಲಿನ ಗೆಳೆಯನಿಗೆ ಹಳೆ ಮಷಿನ್‌ಗಳ ಹುಚ್ಚು. ಅವನು ಮೊದಲು ಕೇಳಿದ್ದು ಸೀರಿಯಲ್ ನಂಬರ್. ಎರಡನೆಯದು, ಮೇಲಿನ ಬಣ್ಣ ಕೆರೆದು ಕೆಳಗಿನ ಮೂಲ ಬಣ್ಣ ಯಾವುದು ಅಂತ ನೋಡಿದೆಯಾ ಅಂತ.

ಇಬ್ಬರ ನಡುವೆ ಸಿಕ್ಕಿಕೊಂಡು ಏಳು ತಿಂಗಳು ಕಳೆದೆ. ಈಗ ನನಗೆ ಅನಿಸುವುದು ಇಷ್ಟು: ಬೇರಿಂಗ್, ಮೇಜಿನ ಮಟ್ಟ, ಬ್ಲೇಡ್, ಬ್ಲೇಡಿಗೆ ಕೈ ತಾಗದ ಹಾಗೆ ಮುಚ್ಚುವ ಗಾರ್ಡ್, ಈ ನಾಲ್ಕಕ್ಕೆ ಇಲ್ಲಿಯವರ ತಾಳ್ಮೆ ಬೇಕು. ಉಳಿದಿದ್ದಕ್ಕೆಲ್ಲ ನಮ್ಮವರ 'ನಡೆಯುತ್ತೆ ಬಿಡು' ಸಾಕು. ಕಷ್ಟ ಏನೆಂದರೆ, ಎರಡೂ ಕಡೆಯವರು ಇದನ್ನು ತಿರುವುಮುರುವು ಮಾಡುತ್ತಾರೆ.

ನಾನೇ ಮೊದಲು ಮಾಡಿದ ತಪ್ಪು ನಮ್ಮ ಕಡೆಯದು. ಚಕ್ರ ತಿರುಗುತ್ತಿಲ್ಲವಲ್ಲ, ಅದಕ್ಕೊಂದು ಪೈಪ್ ಸಿಕ್ಕಿಸಿ ಎಳೆದೆ. ಟಪ್ ಅಂತು. ಚಕ್ರದ ಒಂದು ಕಡ್ಡಿ ಕೈಗೆ ಬಂತು. ಬೀಡು ಬಗ್ಗುವ ಜಾತಿಯಲ್ಲ, ಮುರಿಯುವ ಜಾತಿ. ಅದು ನನಗೆ ಗೊತ್ತಿರಲಿಲ್ಲ ಅಂತಲ್ಲ, ಗೊತ್ತಿದ್ದೂ ಎಳೆದೆ.

ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಜಾಸ್ತಿ ಜಾಗ ಹಿಡಿಯುತ್ತದೆ. ಥ್ರೆಡ್ಡಿನ ಸಂದಿಯಲ್ಲಿ ಉಬ್ಬಿ ಬೆಣೆ ಹೊಡೆದ ಹಾಗೆ ಕೂರುತ್ತದೆ. ಅಲ್ಲಿ ಬಲ ಹಾಕಿ ಪ್ರಯೋಜನವಿಲ್ಲ, ಸಂದಿ ಬಿಡಿಸಬೇಕು. ಇಲ್ಲಿನ ಗೆಳೆಯ ತೋರಿಸಿದ ಉಪಾಯ ಮೇಣದ ಬತ್ತಿ. ಮೊದಲು ಎಣ್ಣೆ, ಸೀಮೆಎಣ್ಣೆ ಎಲ್ಲ ಚೆನ್ನಾಗಿ ಒರೆಸಬೇಕು, ಇಲ್ಲದಿದ್ದರೆ ಮಷಿನ್ ಜೊತೆ ಹುಬ್ಬೂ ಹೋಗುತ್ತದೆ. ಆಮೇಲೆ ನಟ್ ಸುತ್ತ ಟಾರ್ಚಿನಿಂದ ನಿಧಾನವಾಗಿ ಬಿಸಿ ಮಾಡಿ, ಉರಿ ದೂರ ಇಟ್ಟು, ಥ್ರೆಡ್ಡಿಗೆ ಮೇಣದ ಬತ್ತಿ ಮುಟ್ಟಿಸಬೇಕು. ಮೇಣ ಕರಗಿ ಸುಮ್ನೆ ಒಳಗೆ ಇಳಿದು ಹೋಗುತ್ತದೆ, ಬತ್ತಿ ಗಿಡ್ಡ ಆಗುವುದು ಕಣ್ಣಿಗೇ ಕಾಣುತ್ತದೆ. ಮೂರನೇ ಸಲಕ್ಕೆ ಕಾಲು ಸುತ್ತು ತಿರುಗಿತು. ನಾನು ಪೂರ್ತಿ ಸುತ್ತು ತಿರುಗಿಸಲು ಹೊರಟೆ. ಅವನು ಕೈ ಹಿಡಿದ: "ಹಿಂದಕ್ಕೆ ತಿರುಗಿಸು, ಮತ್ತೆ ಮುಂದಕ್ಕೆ. ಅವಸರ ಯಾಕೆ?"

ಸಣ್ಣ ಭಾಗಗಳಿಗೆ ಕರೆಂಟ್ ಸ್ನಾನ. ಪ್ಲಾಸ್ಟಿಕ್ ಟಬ್ಬಿನಲ್ಲಿ ನೀರು, ನಾಲ್ಕು ಲೀಟರಿಗೆ ಒಂದು ದೊಡ್ಡ ಚಮಚ ವಾಷಿಂಗ್ ಸೋಡಾ, 12 ವೋಲ್ಟಿನ ಬ್ಯಾಟರಿ ಚಾರ್ಜರ್. ಮೈನಸ್ ತಂತಿ ತುಕ್ಕಿನ ಭಾಗಕ್ಕೆ, ಪ್ಲಸ್ ತಂತಿ ಬೇಡವಾದ ಕಬ್ಬಿಣದ ತುಂಡಿಗೆ. ಇದು ಅದಲುಬದಲಾದರೆ ಕರಗುವುದು ನಿಮ್ಮ ಮಷಿನ್. ಪ್ಲಸ್ ಕಡೆಗೆ ಸ್ಟೇನ್‌ಲೆಸ್ ಸ್ಟೀಲ್ ಮಾತ್ರ ಬೇಡ, ಅದರ ಕ್ರೋಮಿಯಂ ನೀರಿಗೆ ಇಳಿದು ವಿಷ ಆಗುತ್ತದೆ. ಏಳುವ ಗುಳ್ಳೆಗಳಲ್ಲಿ ಜಲಜನಕ ಇರುವುದರಿಂದ ಬಯಲಲ್ಲೇ ಮಾಡಬೇಕು. ಬೆಳಗ್ಗೆ ಹೊತ್ತಿಗೆ ನೀರಿನ ಮೇಲೆ ಕಂದು ನೊರೆ ಕಟ್ಟಿತ್ತು. ಅದರೊಳಗಿಂದ ಎತ್ತಿದ ಬ್ರಾಕೆಟ್ ಮಸಿಯಂತೆ ಕಪ್ಪಗಿತ್ತು. ಬಟ್ಟೆಯಲ್ಲಿ ತಿಕ್ಕಿದರೆ ಬೂದು ಬಣ್ಣದ ಲೋಹ! ಖುಷಿಯಲ್ಲಿ ಚಹಾ ಕುಡಿದು ಬರುವಷ್ಟರಲ್ಲಿ ಅದರ ಮೇಲೆ ಹೊಸದಾಗಿ ಕಿತ್ತಳೆ ಮಂಜು. ತೊಳೆದ ತಕ್ಷಣ ಒಣಗಿಸಿ ಎಣ್ಣೆ ಹಚ್ಚಬೇಕಿತ್ತು.

ವಿನೆಗರ್ ಕೂಡ ಆಗುತ್ತದೆ. ಆದರೆ ಅದು ತುಕ್ಕು ಮುಗಿಸಿ ಕಬ್ಬಿಣಕ್ಕೂ ಕೈ ಹಾಕುತ್ತದೆ. ನಾಲ್ಕು ದಿನ ಮರೆತ ನನ್ನ ಸ್ಕ್ರೂಗಳು ಅದಕ್ಕೆ ಸಾಕ್ಷಿ.

ಮೇಜುಗಳ ವಿಷಯದಲ್ಲಿ ಊರಿನವನ ಮಾತೇ ಸರಿ. ಅಗಲದ ಬ್ಲೇಡಿನಿಂದ ಕೆರೆದು, ಸೀಮೆಎಣ್ಣೆ ಹಾಕಿ ತಿಕ್ಕಿದೆ, ಅಷ್ಟೇ. ಕಪ್ಪು ಕಲೆಗಳು, ಸಣ್ಣ ಗುಂಡಿಗಳು ಉಳಿದವು. ಹಲಗೆ ಜಾರುವುದಕ್ಕೆ ಅವು ಅಡ್ಡಿಯಲ್ಲ. ಒಂದು ಕಲೆ ಹೋಗಲಿ ಅಂತ ಒಂದೇ ಜಾಗದಲ್ಲಿ ಸ್ಯಾಂಡರ್ ಹಿಡಿದರೆ ಅಲ್ಲಿ ತಗ್ಗು ಬೀಳುತ್ತದೆ. ಹೊಳಪಿಗಾಗಿ ಮಟ್ಟ ಕಳೆದುಕೊಂಡ ಮಷಿನ್‌ಗಳನ್ನು ಇಲ್ಲಿ ಜಾಸ್ತಿ ನೋಡಿದ್ದೇನೆ. ಕನ್ನಡಿಯಂಥ ಮೇಜು, ಹೊಸ ಬಣ್ಣ, ಒಳಗೆ ಅದೇ ಗರಗರ ಬೇರಿಂಗ್. ಮೇಲೆಲ್ಲ ತಳುಕು, ಒಳಗೆಲ್ಲ ಹುಳುಕು ಅಂತಾರಲ್ಲ, ಅದೇ.

ಬೇರಿಂಗ್ ಹತ್ತಿರ ಬಂದಾಗ ಇಬ್ಬರೂ ಒಂದಾದರು. ಹಳೆಯದನ್ನು ಎಳೆದು ತೆಗೆದು ಒರೆಸಿದರೆ 6203 ಅನ್ನುವ ಅಂಕಿ ಕಂಡಿತು. ಒಳಗಿನ ತೂತು 17 ಮಿ.ಮೀ., ಹೊರಗಿನ ಅಳತೆ 40, ದಪ್ಪ 12. ಕೊನೆಯ ಎರಡಂಕಿ 04 ಇದ್ದರೆ ತೂತು 20, 05 ಇದ್ದರೆ 25, ಹಾಗೆ ಐದರ ಮಗ್ಗಿ. ಈ ಅಂಕಿ ಹೇಳಿದರೆ ಊರಿನವನಿಗೂ ಅರ್ಥವಾಗುತ್ತದೆ, ಇಲ್ಲಿಯವನಿಗೂ ಅರ್ಥವಾಗುತ್ತದೆ. ನನಗೆ ಎರಡೂ ಕಡೆ ಇಷ್ಟು ಸಲೀಸಾಗಿ ನಡೆಯುವ ಭಾಷೆ ಬೇರೊಂದು ಸಿಕ್ಕಿಲ್ಲ. ಕೂರಿಸುವಾಗ ಮಾತ್ರ ನಮ್ಮವರ ಸುತ್ತಿಗೆ ಬೇಡ. ಶಾಫ್ಟಿಗೆ ಏರಿಸುವಾಗ ಒಳ ಬಳೆಯನ್ನೇ ಒತ್ತಬೇಕು. ಹೊರ ಬಳೆಗೆ ಹೊಡೆದರೆ ಪೆಟ್ಟು ಗುಂಡುಗಳ ಮೂಲಕ ಹೋಗಿ ಅವು ಉರುಳುವ ದಾರಿಯಲ್ಲಿ ಚುಕ್ಕೆ ಬೀಳುತ್ತದೆ. ಹೊಸ ಬೇರಿಂಗ್ ಮೊದಲ ದಿನವೇ ಹಳೆಯದಾಗುತ್ತದೆ.

ಬ್ಲೇಡ್ ಕೂರಿಸುವ ದಿನ ಇಲ್ಲಿನ ಗೆಳೆಯ ಎತ್ತರದ ಸಣ್ಣ ವ್ಯತ್ಯಾಸವನ್ನೂ ಮುಳ್ಳಿನಲ್ಲಿ ತೋರಿಸುವ ಡಯಲ್ ಗೇಜ್ ತಂದ. ಮುಳ್ಳು ನೋಡುತ್ತಾ, ಸ್ಕ್ರೂ ಬಿಗಿಯುತ್ತಾ, ಬಿಗಿದಾಗ ಬ್ಲೇಡ್ ಏಳುತ್ತಾ, ಮತ್ತೆ ಸಡಿಲಿಸುತ್ತಾ ಸಂಜೆಯಾಯಿತು. ಕೊನೆಗೆ ನಾನು ಊರಲ್ಲಿ ಆಚಾರ್ರ ಹತ್ತಿರ ನೋಡಿದ್ದನ್ನು ಮಾಡಿದೆ. ಪ್ಲಗ್ ಕಿತ್ತಿಟ್ಟು, ಹಲಗೆ ಹೊರಬರುವ ಕಡೆಯ ಮೇಜಿನ ಮೇಲೆ ಒಂದು ನೇರವಾದ ಕಡ್ಡಿ ಇಟ್ಟೆ, ತುದಿ ಬ್ಲಾಕಿನ ಮೇಲೆ ಚಾಚಿಕೊಂಡಿರುವ ಹಾಗೆ. ಮೇಜಿನ ಅಂಚು ಸಿಗುವಲ್ಲಿ ಪೆನ್ಸಿಲ್ ಗೀಟು. ಬ್ಲಾಕನ್ನು ಅದು ಓಡುವ ದಿಕ್ಕಿಗೇ ಕೈಯಲ್ಲಿ ಮೆಲ್ಲಗೆ ತಿರುಗಿಸಿದರೆ ಬ್ಲೇಡ್ ಆ ಕಡ್ಡಿಯನ್ನು ಹಿಡಿದು ಒಂದಿಷ್ಟು ದೂರ ಒಯ್ದು ಬಿಡುತ್ತದೆ. ಅಂಚಿನಲ್ಲಿ ಮತ್ತೊಂದು ಗೀಟು. ಎರಡು ಗೀಟಿನ ನಡುವೆ ಸುಮಾರು 3 ಮಿ.ಮೀ. ಬೇಕು. ಎಲ್ಲ ಬ್ಲೇಡಿಗೂ, ಬ್ಲೇಡಿನ ಎರಡು ತುದಿಗೂ ಅದೇ ಬಂದರೆ ಮುಗಿಯಿತು. ಬ್ಲೇಡ್ ಒಂದು ಕೂದಲಿನಷ್ಟು ಎತ್ತರವಾದರೂ ಕಡ್ಡಿ ಎಷ್ಟೋ ಜಾಸ್ತಿ ಓಡುತ್ತದೆ, ಹಾಗಾಗಿ ಸಣ್ಣ ವ್ಯತ್ಯಾಸವೂ ಬರಿಗಣ್ಣಿಗೆ ಕಾಣುತ್ತದೆ. ಗೆಳೆಯ ತನ್ನ ಗೇಜ್ ಇಟ್ಟು ಪರೀಕ್ಷೆ ಮಾಡಿದ. ಏನೂ ಹೇಳಲಿಲ್ಲ. ಕಡ್ಡಿಯನ್ನು ಕೇಳಿ ಮನೆಗೆ ತಗೊಂಡು ಹೋದ.

ಆದರೆ ಮೇಜಿನ ಮಟ್ಟದಲ್ಲಿ ಅವನೇ ಗೆದ್ದ. ಒಂದು ಮೇಜು ತುದಿಯಲ್ಲಿ ಜೋತುಬಿದ್ದಿತ್ತು. ನನ್ನ ಕಣ್ಣಿಗೆ ಸರಿಯಾಗಿಯೇ ಕಂಡಿತ್ತು. ಅವನು ಉದ್ದನೆಯ ನೇರಪಟ್ಟಿ ಇಟ್ಟು ಕೆಳಗೆ ಸಂದಿ ಅಳೆಯುವ ತೆಳು ತಗಡು, ಅಂದರೆ ಫೀಲರ್ ಗೇಜ್, ತೂರಿಸಿ ತೋರಿಸಿದ. ಮೇಜು ಜಾರುವ ಜಾಡಿನೊಳಗೆ ತಂಪು ಪಾನೀಯದ ಡಬ್ಬಿಯಿಂದ ಕತ್ತರಿಸಿದ ಅಲ್ಯೂಮಿನಿಯಂ ಪಟ್ಟಿ ಇಟ್ಟೆವು, ಅದರ ದಪ್ಪ ಸುಮಾರು 0.1 ಮಿ.ಮೀ. ಅದನ್ನು ಇಡದಿದ್ದರೆ ಪ್ರತಿ ಹಲಗೆಯೂ ಬಾಗಿ ಬರುತ್ತಿತ್ತು, ನಾನು ಮರವನ್ನು ಬೈಯುತ್ತಿದ್ದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇಲ್ಲಿ ನೆಲ ನಿಜಕ್ಕೂ ಡೊಂಕಿತ್ತು ಅನ್ನಿ.

ಬಣ್ಣದ ಬಗ್ಗೆ ಒಂದೇ ಮಾತು. ಹಳೆಯ ಬಣ್ಣದಲ್ಲಿ ಸೀಸ ಇರಬಹುದು. ಒಣದಾಗಿ ಉಜ್ಜಿ ಧೂಳು ಎಬ್ಬಿಸಬೇಡಿ. ನಮ್ಮ ಕಡೆ ಬಾಯಿಗೆ ಟವೆಲ್ ಕಟ್ಟಿ ಶುರು ಮಾಡುತ್ತಾರೆ, ಅದು ಸಾಲದು.

ಎಲ್ಲ ಹಳೆಯದನ್ನೂ ಬದುಕಿಸಲೇಬೇಕು ಅನ್ನುವುದನ್ನು ನಾನು ಒಪ್ಪುವುದಿಲ್ಲ. ಬಹಳ ಹಳೆಯ ಕೆಲವು ಪ್ಲೇನರ್‌ಗಳಲ್ಲಿ ಬ್ಲಾಕ್ ದುಂಡಗಿರುವುದಿಲ್ಲ, ಚೌಕ ಇರುತ್ತದೆ. ದುಂಡು ಬ್ಲಾಕಿನಲ್ಲಿ ಕೈ ಜಾರಿದರೆ ಬೆರಳ ತುದಿಗೆ ಗಾಯ. ಚೌಕದ್ದು ಅಗಲ ಬಾಯಿ ತೆರೆದು ಬೆರಳನ್ನೇ ಒಳಗೆ ಎಳೆದುಕೊಳ್ಳುತ್ತದೆ. ಅಂಥದ್ದು ಎಷ್ಟೇ ಚಂದ ಇದ್ದರೂ ಬೇರೆ ದುಂಡು ಬ್ಲಾಕ್ ಹಾಕಿಸಬೇಕು, ಇಲ್ಲವೇ ಕರೆಂಟ್ ಕೊಡದೆ ಮೂಲೆಯಲ್ಲಿ ಇಡಬೇಕು. 'ಮೂಲ ರೂಪ ಉಳಿಯಬೇಕು' ಅನ್ನುವ ಇಲ್ಲಿನವರ ಹಟ ಈ ಒಂದು ಜಾಗದಲ್ಲಿ ನನಗೆ ಸಿಟ್ಟು ತರಿಸುತ್ತದೆ. ಗಾರ್ಡ್ ಕಿತ್ತು ಗೋಡೆಗೆ ನೇತು ಹಾಕಿ "ಅಡ್ಡ ಬರುತ್ತೆ" ಅನ್ನುವ ನಮ್ಮವರ ಮೇಲೂ ಅಷ್ಟೇ ಸಿಟ್ಟು.

ನನ್ನ ಮಷಿನ್‌ಗೆ ಬರುವಾಗಲೇ ಗಾರ್ಡ್ ಇರಲಿಲ್ಲ. ಪ್ಲೈವುಡ್‌ನಲ್ಲಿ ಒಂದು ಮಾಡಿ ಸ್ಪ್ರಿಂಗ್ ಹಾಕಿದ್ದೇನೆ, ಹಲಗೆ ದಾಟಿದ ತಕ್ಷಣ ಟಕ್ ಅಂತ ಮುಚ್ಚಿಕೊಳ್ಳುತ್ತದೆ. ಮುರಿದ ಕಡ್ಡಿಯ ಚಕ್ರ ಹಾಗೇ ಇದೆ, ಉಳಿದ ಕಡ್ಡಿಗಳಲ್ಲೇ ತಿರುಗುತ್ತದೆ. ಊರಿನವನಿಗೆ ವಿಡಿಯೋ ಕಳಿಸಿದೆ. "ಏಳು ತಿಂಗಳಿಗೆ ಇಷ್ಟೇನಾ?" ಅಂದ. ಇಲ್ಲಿಯವನು ಬಂದು ನೋಡಿ, ಬಣ್ಣ ಯಾವಾಗ ಅಂತ ಕೇಳಿದ.