ಐದೇ ನಿಮಿಷ ಅಣ್ಣ, 91 ಆಗೈತೆ

ಮೊನ್ನೆ ಹುಣ್ಣಿಮೆಗೆ ಹುಲಿಗೆಮ್ಮನ ದರ್ಶನಕ್ಕೆ ಹೋಗಿದ್ದೆವು. ಗುಡಿಯ ಸಾಲಿನಲ್ಲಿ ನಿಂತು ಹೊರಗೆ ಬರೋಕೆ ಒಂದೂವರೆ ತಾಸು ಹಿಡಿಯಿತು. ಹುಣ್ಣಿಮೆ ದಿನ ಅದೇನು ಜಾಸ್ತಿ ಅಲ್ಲ ಬಿಡಿ. ವಾಪಸ್ ಬರುವಾಗ ಹೊಸಪೇಟೆ–ಬಳ್ಳಾರಿ ರಸ್ತೆಯ ಒಂದು ಹೋಟೆಲ್ ಪಕ್ಕ ಕಾರು ಚಾರ್ಜಿಗೆ ಹಾಕೋಣ ಅಂತ ನಿಂತೆ. ಅಲ್ಲಿ ಮೂರು ತಾಸು ಹೋಯಿತು. ಮೊದಲಿಗೆ ಸಾಲಿನಲ್ಲಿ ಎಷ್ಟು ಕಾರು ಇದ್ದವು ಅಂತೀರಾ? ನನ್ನದೂ ಸೇರಿ ಮೂರು.

ಎಲೆಕ್ಟ್ರಿಕ್ ಕಾರು (ಇವಿ) ಇಟ್ಟುಕೊಂಡವರಿಗೆ ಈ ಕಥೆ ಹೊಸದಲ್ಲ. ಇಲ್ಲದವರು ನಕ್ಕು ಮುಂದೆ ಹೋಗಿ, ನಿಮ್ಮ ಪಾಳಿಯೂ ಬರುತ್ತದೆ.

ಅಲ್ಲಿರುವುದು ಎರಡು ಗನ್, ಅಂದರೆ ಕಾರಿಗೆ ಸಿಕ್ಕಿಸುವ ಚಾರ್ಜರಿನ ಹಿಡಿ. ಒಂದರ ಮೇಲೆ ಕೆಂಪು ದೀಪ. ಅದು ಎಷ್ಟು ದಿನದಿಂದ ಉರಿಯುತ್ತಿದೆಯೋ ಹುಲಿಗೆಮ್ಮನಿಗೇ ಗೊತ್ತು. ಮೊಬೈಲ್ ಆಪ್‌ನಲ್ಲಿ ಮಾತ್ರ ಅದು ಹಸಿರಾಗಿ, ಖಾಲಿಯಾಗಿ, ಬನ್ನಿ ಬನ್ನಿ ಅಂತ ಕರೆಯುತ್ತದೆ. ಇನ್ನೊಂದು ಗನ್ ಕೆಎ 37ರ, ಅಂದರೆ ಕೊಪ್ಪಳದ, ಬಿಳಿ ಕಾರಿಗೆ ಸಿಕ್ಕಿಕೊಂಡಿತ್ತು. ಪರದೆ ಮೇಲೆ 91 ಪರ್ಸೆಂಟ್. ಮಾಲೀಕರು ಹೋಟೆಲ್ ಒಳಗೆ ಒಗ್ಗರಣೆ ಮಿರ್ಚಿ ಮುಂದೆ ಕೂತಿದ್ದರು. ಹೋಗಿ ಕೇಳಿದೆ. ಅರ್ಧ ಕಚ್ಚಿದ ಮಿರ್ಚಿಯನ್ನು ಎತ್ತಿ ಹಿಡಿದು, ಆಶೀರ್ವಾದ ಮಾಡುವವರ ಹಾಗೆ ಹೇಳಿದರು: 'ಐದೇ ನಿಮಿಷ ಅಣ್ಣ, 91 ಆಗೈತೆ.'

ನಮ್ಮ ಕಡೆ ಐದು ನಿಮಿಷ ಅಂದಾಗ ಗಡಿಯಾರ ನೋಡುವವರು ಹೊರಗಿನವರು. ಆದರೂ ನೋಡಿದೆ. 91ರಿಂದ 97ಕ್ಕೆ ಹೋಗೋಕೆ ನಲವತ್ತು ನಿಮಿಷ ಆಯಿತು.

ಇದರಲ್ಲಿ ಪವಾಡ ಏನಿಲ್ಲ. ಫಾಸ್ಟ್ ಚಾರ್ಜರ್ 80ರ ತನಕ ಜೋರಾಗಿ ತುಂಬುತ್ತದೆ. ಆಮೇಲೆ ಬ್ಯಾಟರಿ ಕೆಡದಿರಲಿ ಅಂತ ಕಾರೇ ಕರೆಂಟು ಎಳೆಯುವುದನ್ನು ಕಮ್ಮಿ ಮಾಡುತ್ತಾ ಬರುತ್ತದೆ. ಕೊಡದ ಕುತ್ತಿಗೆ ತನಕ ನೀರು ಬಂದಾಗ ನಲ್ಲಿ ಸಣ್ಣ ಮಾಡಲ್ವಾ, ಹಾಗೆ. 95 ದಾಟಿದರೆ ಹನಿ ಹನಿ. ಇವರು ಕಡೆಯ ಇಪ್ಪತ್ತು ಪರ್ಸೆಂಟ್ ತುಂಬಿಸುವ ಹೊತ್ತಿನಲ್ಲಿ ಹಿಂದೆ ನಿಂತವನು ತನ್ನ ಕೆಲಸ ಮುಗಿಸಿಕೊಂಡು ಊರು ಸೇರಬಹುದಿತ್ತು. ಇಷ್ಟಕ್ಕೂ ಆ ಪುಣ್ಯಾತ್ಮರು ಹೋಗಬೇಕಾಗಿದ್ದು ಕೊಪ್ಪಳಕ್ಕೆ. ಕೊಪ್ಪಳಕ್ಕೆ ಹೋಗಿ, ಏನೋ ಮರೆತೆ ಅಂತ ಮತ್ತೆ ಇಲ್ಲಿಗೆ ಬಂದು, ಇನ್ನೊಂದು ಪ್ಲೇಟ್ ಮಿರ್ಚಿ ತಿನ್ನುವಷ್ಟು ಚಾರ್ಜು 91ರಲ್ಲೇ ಇತ್ತು.

ಆದರೆ ಅವರನ್ನು ಬೈಯೋಕೆ ಬಾಯಿ ಬರಲಿಲ್ಲ. ಅವರೂ ನನ್ನ ಹಾಗೆ ನಲ್ಲಿ ನೀರಿಗೆ ಕಾದು ಬೆಳೆದವರು. ನೀರು ಬಿಟ್ಟ ದಿನ ನಮ್ಮ ಮನೆಗಳಲ್ಲಿ ಏನಾಗುತ್ತದೆ? ಮೊದಲು ಕೊಡ, ಆಮೇಲೆ ಡ್ರಮ್ಮು, ಹಂಡೆ, ಬಕೆಟ್ಟು, ಕುಕ್ಕರು, ಕಡೆಗೆ ದೇವರ ಮುಂದಿನ ತಂಬಿಗೆ. ತುಂಬೋಕೆ ಇನ್ನೇನೂ ಉಳಿಯದಿದ್ದರೆ ಅಂಗಳಕ್ಕೆ ಹೊಡೆಯುತ್ತೇವೆ, ನಲ್ಲಿ ಮಾತ್ರ ಕಟ್ಟುವುದಿಲ್ಲ. ತುಂಗಭದ್ರಾ ಡ್ಯಾಮನ್ನು ಪಕ್ಕದಲ್ಲೇ ಇಟ್ಟುಕೊಂಡು ನೀರಿಗೆ ಕಾಯುವ ಜನಕ್ಕೆ 'ಸಾಕು' ಅನ್ನುವ ಮಾತು ಎಲ್ಲಿಂದ ಬರಬೇಕು? 2024ರ ಆಗಸ್ಟಿನಲ್ಲಿ ಅದೇ ಡ್ಯಾಮಿನ 19ನೇ ಗೇಟು ಕೊಚ್ಚಿಹೋಗಿ, ತುಂಬಿದ್ದ ನೀರು ಕಣ್ಣೆದುರೇ ಹರಿದು ಹೋಯಿತು. ಅಂದಮೇಲೆ ಕೊಪ್ಪಳದವರು 100 ಮಾಡಿಕೊಂಡೇ ಏಳುತ್ತೇನೆ ಅಂದರೆ ತಪ್ಪೇನು?

ತಪ್ಪು ಇದೆ. ಅದೇ ನಲ್ಲಿ ಕಟ್ಟೆ ಮೇಲೆ ಒಂದು ಕಾನೂನೂ ಇತ್ತು. ಅದನ್ನು ಮಾತ್ರ ನಾವು ಮನೆಯಲ್ಲೇ ಬಿಟ್ಟು ಬಂದಿದ್ದೇವೆ.

ನಮ್ಮವ್ವ ನಸುಕಿನ ನಾಲ್ಕಕ್ಕೆ ಹೋಗಿ ಕೊಡ ಇಟ್ಟು ಬಂದು ಮತ್ತೆ ಮಲಗುತ್ತಿದ್ದಳು. ಕೊಡ ಕಳುವಾಗುವ ಭಯ ಇದ್ದರೆ ಒಂದು ಇಟ್ಟಿಗೆ ಚೂರು. ಆರಕ್ಕೆ ನೀರು ಬಂದಾಗ ಆ ಇಟ್ಟಿಗೆಯನ್ನು ಯಾರೂ ಒದ್ದು ಮುಂದೆ ಹೋಗುತ್ತಿರಲಿಲ್ಲ. 'ಯಾರದಮ್ಮಾ ಈ ಇಟ್ಟಿಗೆ, ಎಬ್ಬಿಸ್ರಿ ಅವರನ್ನ' ಅಂತ ಓಣಿ ತುಂಬ ಕೂಗುತ್ತಿದ್ದರು. ಜಗಳ ಇರಲಿಲ್ಲ ಅಂತಲ್ಲ, ಜುಟ್ಟು ಹಿಡಿದು ಎಳೆದಾಡಿದ್ದನ್ನೂ ನೋಡಿದ್ದೇನೆ. ಆದರೆ ಒಬ್ಬರಿಗೆ ಎರಡು ಕೊಡ ಅಂದರೆ ಎರಡೇ. ಮೂರನೆಯದು ಇಟ್ಟವಳು ಒಂದು ವಾರ ಓಣಿಯಲ್ಲಿ ತಲೆ ಎತ್ತಿ ಓಡಾಡುವ ಹಾಗಿರಲಿಲ್ಲ. ಈಗಲೂ ಯೂರಿಯಾಕ್ಕೆ ಸಾಲು ಹಚ್ಚಿದ ಕಡೆ ಹೋಗಿ ನೋಡಿ. ಚಪ್ಪಲಿಗಳು ಬಿಸಿಲಲ್ಲಿ ಒಂದರ ಹಿಂದೆ ಒಂದು ನಿಂತಿರುತ್ತವೆ, ಅವುಗಳ ಒಡೆಯರು ಬೇವಿನ ಮರದ ಕೆಳಗೆ ಬೀಡಿ ಸೇದುತ್ತಿರುತ್ತಾರೆ, ಯಾರೂ ಇನ್ನೊಬ್ಬರ ಚಪ್ಪಲಿ ದಾಟುವುದಿಲ್ಲ. ಬಸ್ಸಿನ ಕಿಟಕಿಯಿಂದ ಸೀಟಿನ ಮೇಲೆ ಎಸೆದ ಟವೆಲ್ಲಿಗೂ ಅಷ್ಟೇ ಮರ್ಯಾದೆ. ಅದನ್ನು ಎತ್ತಿ ಪಕ್ಕಕ್ಕಿಟ್ಟು ಕೂರುವ ಧೈರ್ಯ ಇರುವ ಗಂಡಸನ್ನು ನಾನಿನ್ನೂ ನೋಡಿಲ್ಲ.

ಹರಿದ ಹವಾಯಿ ಚಪ್ಪಲಿಗೆ ಇರುವ ಈ ಬೆಲೆ ಹದಿನೈದು ಲಕ್ಷದ ಕಾರಿಗೆ ಇಲ್ಲ. ಚಾರ್ಜಿಂಗ್ ಸ್ಟೇಷನ್ನಿನಲ್ಲಿ ಸಾಲು ಅನ್ನುವುದೇ ಕಾಣುವುದಿಲ್ಲ. ಒಬ್ಬ ಬೇವಿನ ಮರದ ಕೆಳಗೆ, ಒಬ್ಬ ರಸ್ತೆ ಪಕ್ಕ, ಇನ್ನೊಬ್ಬ ಪಾನ್ ಅಂಗಡಿ ಮುಂದೆ ನಿಂತಿರುತ್ತಾನೆ. ಮೊದಲು ಬಂದವರು ಯಾರು ಅನ್ನುವುದಕ್ಕೆ ನೆನಪೊಂದೇ ಸಾಕ್ಷಿ. ಗನ್ ಖಾಲಿಯಾದ ಕೂಡಲೇ ಆ ನೆನಪು ಎಲ್ಲರಿಗೂ ಹಾರಿಹೋಗುತ್ತದೆ.

ನನ್ನ ಹಿಂದೆ ಇದ್ದದ್ದು ಕೆಎ 36. ಮಕ್ಕಳಿಗೆ ಹಂಪಿ ತೋರಿಸೋಣ ಅಂತ ರಾಯಚೂರಿನಿಂದ ಸಿಂಧನೂರು, ಸಿರುಗುಪ್ಪ ಮೇಲೆ ಬಂದವರು. ಅವರು ಬಂದವರೇ ನನ್ನ ಕಾರಿನೊಳಗೆ ಇಣುಕಿ, 'ನಿಮ್ಮದು ಎಷ್ಟೈತಿ?' ಅಂದರು. 14 ಅಂದೆ. 'ನಮ್ದು 9' ಅಂದರು, ಬಿಪಿಎಲ್ ಕಾರ್ಡು ತೋರಿಸುವವರ ಹಾಗೆ. ಬಡತನದಲ್ಲೂ ಪೈಪೋಟಿ ನೋಡಿ.

ಕೆಂಪು ದೀಪದ ಗನ್ ಮುಂದಿನ ಜಾಗ ಖಾಲಿ ಇತ್ತು ಅಂದುಕೊಂಡಿರಾ? ಅಲ್ಲಿ ಒಂದು ದೊಡ್ಡ ಡೀಸೆಲ್ ಗಾಡಿ ಮಲಗಿತ್ತು. ಎಲೆಕ್ಟ್ರಿಕ್ ವಾಹನಗಳಿಗೆ ಮಾತ್ರ ಅಂತ ನೆಲಕ್ಕೆಲ್ಲ ಹಸಿರು ಬಣ್ಣ ಬಳಿದು ಬರೆದಿದ್ದಾರೆ. ಆದರೆ ಆ ಆವರಣದಲ್ಲಿ ತಗಡಿನ ಚಾವಣಿ ಇರುವುದು ಚಾರ್ಜರ್ ಮೇಲೆ ಮಾತ್ರ. ಬಳ್ಳಾರಿ ಬಿಸಿಲಲ್ಲಿ ನೆರಳಿಗೆ ಬೋರ್ಡು ಹಾಕಿದರೆ ಓದುವವರು ಯಾರು? ಆ ಗಾಡಿಯ ನೆರಳಲ್ಲಿ ಎರಡು ಆಡು ಕೂಡ ಇದ್ದವು. ಅವು ಎಬ್ಬಿಸಿದರೆ ಏಳುತ್ತವೆ. ಡ್ರೈವರ್ ಒಂದು ಕಣ್ಣು ತೆರೆದು, 'ಅಣ್ಣನ ಗಾಡಿ' ಅಂತ ಹೇಳಿ ಮತ್ತೆ ಮುಚ್ಚಿಕೊಂಡ. ಯಾವ ಅಣ್ಣ ಅಂತ ಕೇಳುವುದು ನಮ್ಮಲ್ಲಿ ಆರೋಗ್ಯಕ್ಕೆ ಒಳ್ಳೆಯದಲ್ಲ.

ಕಾಯುತ್ತಾ ನಮ್ಮ ವಾಟ್ಸಾಪ್ ಗುಂಪು ತೆಗೆದೆ. ಇವಿ ಇರುವವರದೇ ಒಂದು ಗುಂಪು ಇದೆ. ಯಾರೋ ಪುಣ್ಯಾತ್ಮ ಒಮ್ಮೆ ಹನ್ನೊಂದು ನಿಯಮ ಬರೆದು ಹಾಕಿದ್ದ. 80 ಆದರೆ ಬಿಡಿ, ಕಾರಿನಲ್ಲಿ ಫೋನ್ ನಂಬರ್ ಇಡಿ, ಬೇರೆಯವರ ಗನ್ ಕೀಳಬೇಡಿ, ಮಕ್ಕಳಿಗೆ ಕೆಂಪು ಎಮರ್ಜೆನ್ಸಿ ಬಟನ್ ಒತ್ತೋಕೆ ಬಿಡಬೇಡಿ. ಎಲ್ಲರೂ ಕೈ ಮುಗಿಯುವ ಚಿತ್ರ ಹಾಕಿದರು. ನಾಲ್ಕನೇ ನಿಯಮಕ್ಕೆ ಒಂದು ಕಾರಣ ಇದೆ, ಆ ಮಗು ನಮ್ಮದೇ, ಇರಲಿ. ಕೆಎ 37ರ ಕಾರಿನಲ್ಲೂ ಫೋನ್ ನಂಬರಿನ ಚೀಟಿ ಇತ್ತು. ಕಡೆಯ ಎರಡು ಅಂಕಿ ಬಿಸಿಲಿಗೆ ಅಳಿಸಿಹೋಗಿದ್ದವು.

97ಕ್ಕೆ ಕರೆಂಟು ಹೋಯಿತು.

ಕೆಎ 37ರವರು ಬಾಯಿ ಒರೆಸಿಕೊಂಡು ಬಂದು, ಗನ್ ಬಿಡಿಸಿ, 'ಪಾಪ, ನಿಮಗೆ ತೊಂದ್ರೆ ಆಯ್ತು' ಅಂತ ಹೇಳಿ ಹೊರಟರು. ಮನಸ್ಸಿನಿಂದಲೇ ಹೇಳಿದರು ಅನ್ನಿಸುತ್ತದೆ.

ಆ ಹೋಟೆಲ್ ಮುಂದೆ ನಿಂತರೆ ಕುಡತಿನಿಯ ಚಿಮಣಿಗಳು ಕಾಣುತ್ತವೆ. ಬಳ್ಳಾರಿ ಶಾಖೋತ್ಪನ್ನ ವಿದ್ಯುತ್ ಕೇಂದ್ರ, 1,700 ಮೆಗಾವಾಟ್. ಮಾಡೋಕೆ ಬೇರೆ ಕೆಲಸ ಇರಲಿಲ್ಲ, ಮೊಬೈಲಿನಲ್ಲಿ ಲೆಕ್ಕ ಹಾಕಿದೆ. ಅದು ಪೂರ್ತಿ ಓಡಿದರೆ ನಮ್ಮ ಮುಂದಿರುವಂಥ 60 ಕಿಲೋವಾಟಿನ ಚಾರ್ಜರುಗಳನ್ನು ಇಪ್ಪತ್ತೆಂಟು ಸಾವಿರ ನಡೆಸಬಹುದು. ರಾಯಚೂರಿನವರು ಸುಮ್ಮನಿರಲಿಲ್ಲ. ಅವರ ಶಕ್ತಿನಗರದ್ದು 1,720, ಯರಮರಸ್‌ದು 1,600 ಅಂತ ಸೇರಿಸಿದರು. ಇಬ್ಬರೂ ಸೇರಿ ಐದು ಸಾವಿರ ಮೆಗಾವಾಟಿನ ಒಡೆಯರು, ಬಿಸಿಲಲ್ಲಿ ನಿಂತಿದ್ದೆವು. ಹಾರುಬೂದಿ ನಮ್ಮ ಮಾಳಿಗೆ ಮೇಲೆ, ಕರೆಂಟು ತಂತಿ ಹಿಡಿದು ಬೆಂಗಳೂರಿಗೆ.

ಇಲ್ಲಿ ನನಗೆ ನಗು ಬರುವುದಿಲ್ಲ. ಕಾರಿನಲ್ಲಿ ನಮ್ಮವ್ವ ಇದ್ದಳು. ಎಪ್ಪತ್ತೆರಡು ವರ್ಷ, ಸಕ್ಕರೆ ಕಾಯಿಲೆ. ಏಸಿ ಹಾಕಿದರೆ ಇರುವ 14ರಲ್ಲಿ ಕಮ್ಮಿಯಾಗುತ್ತದೆ, ಹಾಕದಿದ್ದರೆ ಕಾರು ಒಲೆ. ಹೆಲ್ಪ್‌ಲೈನಿಗೆ ಫೋನ್ ಮಾಡಿದೆ. ಹಿಂದಿಗೆ ಒಂದು ಒತ್ತಿ, ಇಂಗ್ಲಿಷಿಗೆ ಎರಡು ಒತ್ತಿ. ಕನ್ನಡಕ್ಕೆ ಒತ್ತೋಕೆ ಏನೂ ಇರಲಿಲ್ಲ. ಕಡೆಗೆ ಸಿಕ್ಕವನು ನನಗೇ ಹೇಳಿದ, ನಮ್ಮ ಸಿಸ್ಟಂನಲ್ಲಿ ಎರಡೂ ಗನ್ ಸರಿ ಇವೆ, ನೀವು ಸರಿಯಾದ ಸ್ಟೇಷನ್ನಿಗೆ ಬಂದಿದ್ದೀರಾ ಅಂತ. ದೇಶದಲ್ಲೇ ಮೊದಲು ಇವಿ ನೀತಿ ತಂದ ರಾಜ್ಯ ನಮ್ಮದು, 2017ರಲ್ಲಿ. ಹೆದ್ದಾರಿಯ ಎರಡೂ ಬದಿ ಪ್ರತಿ 25 ಕಿಲೋಮೀಟರಿಗೆ ಒಂದು ಚಾರ್ಜಿಂಗ್ ಸ್ಟೇಷನ್ ಇರಬೇಕು ಅಂತ ಕೇಂದ್ರ ಸರ್ಕಾರ ಹೇಳಿದ್ದು 2018ರಲ್ಲಿ. ಹಾಗೆ ಇದ್ದಿದ್ದರೆ ನಾನು ಕೊಪ್ಪಳದವರ ಮಿರ್ಚಿ ಎಣಿಸಿಕೊಂಡು ಕೂರುತ್ತಿರಲಿಲ್ಲ, ಅವರು 100ಕ್ಕೆ ಜೋತು ಬೀಳುತ್ತಿರಲಿಲ್ಲ. ಒಂದೇ ನಲ್ಲಿ ಕೊಟ್ಟು, ಅದನ್ನೂ ಅರ್ಧ ಕೆಡಿಸಿಟ್ಟು, ಆಮೇಲೆ ಜನಕ್ಕೆ ಶಿಸ್ತು ಇಲ್ಲ ಅಂತ ಬೋರ್ಡು ಬರೆಸುತ್ತಾರೆ. ಸಾಕಾಗಿದೆ.

ಒಂದು ತಾಸಿನ ಮೇಲೆ ಕರೆಂಟು ಬಂತು. ಆಗ ಒಂದು ತಮಾಷೆ ನಡೆಯಿತು. ಆರಿ ಹತ್ತಿದ್ದಕ್ಕೋ ಏನೋ, ಕೆಂಪು ದೀಪದ ಗನ್ನಿಗೂ ಹಸಿರು ದೀಪ ಬಂತು. ಹೆಲ್ಪ್‌ಲೈನ್ ಮಾಡದ ರಿಪೇರಿಯನ್ನು ಪವರ್ ಕಟ್ ಮಾಡಿತು. ಅಷ್ಟರಲ್ಲಿ ಇನ್ನೂ ಎರಡು ಕಾರು ಸೇರಿದ್ದವು. ಐದು ತಾಸಿನಿಂದ ಇದ್ದೇನೆ ಅನ್ನುವ ಮುಖ ಹಾಕಿಕೊಂಡು ಇಬ್ಬರೂ ಗನ್ನಿನ ಕಡೆ ನಡೆದರು. ನಾನೂ ನಡೆದೆ. ರಾಯಚೂರಿನವರು ಓಡಿದರು.

'ನಿಂದ್ರರಿ' ಅಂತ ಒಂದು ದನಿ. ಮಿರ್ಚಿ ಕರಿಯುವಾತ. ಒಂದು ಕೈಯಲ್ಲಿ ತೂತಿನ ಸೌಟು, ಇನ್ನೊಂದು ಕೈಯಲ್ಲಿ ಉದ್ರಿ ಬುಕ್ಕು. ಅದರ ಹಿಂದಿನ ಹಾಳೆಯಲ್ಲಿ, ಯಾರು ಮೊದಲು ಬಂದರು ಅಂತ ಕಾರಿನ ನಂಬರ್ ಹಿಡಿದು ಪೆನ್ಸಿಲ್ಲಿನಲ್ಲಿ ಬರೆದುಕೊಂಡಿದ್ದ: '34, ಅವ್ವ ಅದಾಳ. 36, ಮಕ್ಕಳು. 35, ಕೆಂಪು. 34, ಕರಿ ಚಸ್ಮಾ.' ಯಾರು ಹೇಳಿದರು ಇವನಿಗೆ ಬರೆಯೋಕೆ? ಯಾರೂ ಇಲ್ಲ. ದಿನಾ ಜಗಳ ಬಿಡಿಸಿ ಬಿಡಿಸಿ ಎಣ್ಣೆ ಹೊತ್ತಿಹೋಗುತ್ತಿತ್ತಂತೆ, ಅದಕ್ಕೇ ಶುರು ಮಾಡಿದನಂತೆ. ಕರಿ ಚಸ್ಮಾದವರು ಏನೋ ಹೇಳೋಕೆ ಹೋದರು. ಆತ ಬುಕ್ಕು ತೋರಿಸಿದ. ಅವರು ಹೋಗಿ ತಮ್ಮ ಕಾರಿನಲ್ಲಿ ಕೂತರು.

ಡೀಸೆಲ್ ಗಾಡಿ ಎರಡು ಮಾರು ಹಿಂದೆ ಸರಿಯಿತು. ಅದಕ್ಕೆ ಏನು ಹೇಳಿದ ಅಂತ ನನಗೆ ಕೇಳಿಸಲಿಲ್ಲ. ಅಣ್ಣನ ಉದ್ರಿಯೂ ಆ ಬುಕ್ಕಿನಲ್ಲಿ ಇತ್ತೋ ಏನೋ.

ನನ್ನ ಕಾರಿಗೆ ಒಂದು ಗನ್, ರಾಯಚೂರಿನವರಿಗೆ ಇನ್ನೊಂದು. ಇಬ್ಬರೂ ಹಾಕಿದಾಗ ಆ ಪೆಟ್ಟಿಗೆ 60 ಕಿಲೋವಾಟನ್ನು ಮೂವತ್ತು ಮೂವತ್ತು ಮಾಡಿ ಹಂಚುತ್ತದೆ. ನನ್ನ ಪರದೆಯಲ್ಲಿ ವೇಗ ಅರ್ಧಕ್ಕೆ ಬಿದ್ದಾಗ, ಹೊಲ ಭಾಗ ಆದ ದಿನ ಅಣ್ಣ ತಮ್ಮನ ಮುಖ ನೋಡುತ್ತಾನಲ್ಲ, ಹಾಗೆ ನೋಡಿದೆ. ಅವರೂ ಹಾಗೇ ನೋಡಿದರು. ಆಮೇಲೆ ಇಬ್ಬರೂ ಒಳಗೆ ಹೋಗಿ ಒಂದೇ ಟೇಬಲ್ಲಿಗೆ ಕೂತೆವು. ಅವರ ಮಕ್ಕಳು ಅವ್ವನ ಹತ್ತಿರ ಪ್ರಸಾದದ ಕೊಬ್ಬರಿ ಇಸಿದುಕೊಂಡು ತಿನ್ನುತ್ತಿದ್ದವು.

ನನ್ನದು 78ಕ್ಕೆ ಬಂದಾಗ, ಇನ್ನೊಂದು ಪ್ಲೇಟ್ ಮಿರ್ಚಿ ಕೊಡಪ್ಪ ಅಂದೆ.

ಆತ ಕಿಟಕಿಯಿಂದ ಬಗ್ಗಿ ಚಾರ್ಜರಿನ ಪರದೆ ನೋಡಿದ. 'ಎರಡು ಪರ್ಸೆಂಟಿಗೆ ಎರಡು ಮಿರ್ಚಿ ಸಾಕ್ರಿ' ಅಂದ. ಎರಡನ್ನೇ ಪೇಪರಿನಲ್ಲಿ ಸುತ್ತಿ ಕೊಟ್ಟ.